ಆಕಾಶದಿಂದ ಇಳಿಯುವವರ ಹೊಣೆ ಯಾರದು?

ವಿಮಾನದಿಂದ ಜಿಗಿಯಲು ಹಣ ಕಟ್ಟಿ ಬಂದವರೆಲ್ಲ ಮೊದಲು ಒಂದು ಮುಚ್ಚಳಿಕೆಗೆ ಸಹಿ ಹಾಕಬೇಕು. ಅದರ ಒಕ್ಕಣೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: ಈ ಆಟದಲ್ಲಿ ಗಾಯವಾಗಬಹುದು, ಸಾವೂ ಬರಬಹುದು, ಅದು ನನಗೆ ತಿಳಿದಿದೆ, ಏನಾದರೂ ನಾನಾಗಲಿ ನನ್ನ ವಾರಸುದಾರರಾಗಲಿ ಆಯೋಜಕರನ್ನು ಹೊಣೆ ಮಾಡುವುದಿಲ್ಲ. ಅಪಘಾತವಾದ ಮಾರನೆಯ ದಿನ ಎಲ್ಲರೂ ಹುಡುಕುವುದು ಈ ಕಾಗದವನ್ನೇ. ಸಹಿ ಇದ್ದರೆ ಮಾತು ಮುಗಿಯಿತು ಎಂದು ಆಯೋಜಕರು ತಿಳಿಯುತ್ತಾರೆ. ದುಃಖದಲ್ಲಿರುವ ಮನೆಯವರೂ ಅನೇಕ ಸಲ ಹಾಗೆಯೇ ತಿಳಿದು ಸುಮ್ಮನಾಗುತ್ತಾರೆ. ಆ ತಿಳುವಳಿಕೆ ತಪ್ಪು ಎಂಬುದೇ ಈ ಉಪನ್ಯಾಸದ ವಾದ. ಮುಚ್ಚಳಿಕೆಯು ಆಕಾಶದ ಅಪಾಯವನ್ನು ಜಿಗಿಯುವವನ ಪಾಲಿಗೆ ಬರೆಯಬಲ್ಲದು. ನೆಲದ ಮೇಲೆ ಬೇರೆಯವರು ಮಾಡಿದ ಕೆಲಸವನ್ನೂ ಮಾಡದೆ ಬಿಟ್ಟ ಕೆಲಸವನ್ನೂ ಅವನ ಪಾಲಿಗೆ ಬರೆಯಲಾರದು. ಯಾವ ಪ್ಯಾರಾಚೂಟ್, ಅದನ್ನು ಮಡಚಿದವರು ಯಾರು, ಎಷ್ಟು ಗಾಳಿ ಇದ್ದಾಗ ಹಾರಿದ್ದು, ಇಳಿಯಲು ಗೊತ್ತುಮಾಡಿದ ಜಾಗ ಯಾವುದು, ಇವುಗಳಲ್ಲಿ ಒಂದೊಂದನ್ನೂ ಯಾರು ತೀರ್ಮಾನಿಸಿದರೋ ಅದರ ಹೊಣೆ ಅವರದು. ಹೊಣೆಯನ್ನು ಅಳೆಯಬೇಕಾದದ್ದು ತೀರ್ಮಾನದಿಂದ, ಸಹಿಯಿಂದಲ್ಲ.

ಹಾಸನ ಜಿಲ್ಲೆಯ ದೊಡ್ಡಗದ್ದವಳ್ಳಿಯಂಥ ಊರಿನಲ್ಲಿ ಈ ವಿಷಯವೇಕೆ ಎಂದು ಕೇಳುವವರಿಗೆ ಉತ್ತರ ದೂರದಲ್ಲಿಲ್ಲ. ಮೈಸೂರಿನಲ್ಲಿ ಬೋಧಕನ ಎದೆಗೆ ಗ್ರಾಹಕನನ್ನು ಬಿಗಿದುಕೊಂಡು ಜಿಗಿಯುವ ಟ್ಯಾಂಡೆಮ್ ಶಿಬಿರಗಳು ಆಗಲೇ ನಡೆದಿವೆ. ದಸರೆಯ ವಾಯುಪ್ರದರ್ಶನದಲ್ಲಿ ವಾಯುಪಡೆಯ ಆಕಾಶಗಂಗಾ ತಂಡ ಬನ್ನಿಮಂಟಪದ ಮೈದಾನಕ್ಕೆ ಇಳಿಯುವುದನ್ನು ನಮ್ಮ ಜಿಲ್ಲೆಯ ಮಕ್ಕಳು ಕತ್ತೆತ್ತಿ ನೋಡಿದ್ದಾರೆ. ಹಾಸನದ ಹೊರಗೆ ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣದ ಕೆಲಸ ವರ್ಷಗಳಿಂದ ಸಾಗಿದೆ. ರನ್‌ವೇ ಸಿದ್ಧವಾದಲ್ಲಿಗೆ ಸಣ್ಣ ವಿಮಾನಗಳು ಬರುತ್ತವೆ, ಅವುಗಳ ಹಿಂದೆ ಸಾಹಸ ಪ್ರವಾಸೋದ್ಯಮವೂ ಬರುತ್ತದೆ. ಚನ್ನರಾಯಪಟ್ಟಣದಿಂದಲೋ ಅರಕಲಗೂಡಿನಿಂದಲೋ ಬೆಂಗಳೂರಿಗೆ ಹೋಗಿ ದುಡಿಯುತ್ತಿರುವ ಹುಡುಗ ಹುಡುಗಿಯರು ಹತ್ತಾರು ಸಾವಿರ ರೂಪಾಯಿ ಕೊಟ್ಟು ಜಿಗಿಯಲು ಹಿಂಜರಿಯುವವರಲ್ಲ. ಅವರು ಹಿಂಜರಿಯಬೇಕೆಂದು ನಾನು ಹೇಳುತ್ತಲೂ ಇಲ್ಲ. ಆದರೆ ಆ ಆಟ ಇಲ್ಲಿಗೆ ಬರುವ ಮೊದಲೇ ಅದರ ಲೆಕ್ಕ ನಮಗೆ ತಿಳಿದಿರಬೇಕು.

ಸಲಕರಣೆಯಿಂದ ಆರಂಭಿಸೋಣ. ಹೊಣೆಯ ಪ್ರಶ್ನೆ ಅಡಗಿರುವುದು ಅಲ್ಲೇ. ಹೊಟ್ಟೆ ಕೆಳಗಾಗಿ ಬೀಳುವ ಮನುಷ್ಯನ ವೇಗ ಗಂಟೆಗೆ ಸುಮಾರು 190ರಿಂದ 200 ಕಿಲೋಮೀಟರಿಗೆ ಬಂದು ನಿಲ್ಲುತ್ತದೆ. 10,000 ಅಡಿಯಿಂದ ಜಿಗಿದವನಿಗೆ ಪ್ಯಾರಾಚೂಟ್ ತೆರೆಯುವ ಮುಂಚೆ ಸಿಗುವುದು ಸುಮಾರು ಅರ್ಧ ನಿಮಿಷ. ಅವನ ಬೆನ್ನ ಚೀಲದಲ್ಲಿ ಎರಡು ಪ್ಯಾರಾಚೂಟ್‌ಗಳಿರುತ್ತವೆ, ಮುಖ್ಯದ್ದು ಒಂದು, ಅದು ಕೈಕೊಟ್ಟರೆ ರಿಸರ್ವ್ ಒಂದು. ಸರಿಯಾಗಿ ತೆರೆಯದ ಮುಖ್ಯ ಪ್ಯಾರಾಚೂಟನ್ನು ಒಂದೇ ಎಳೆತಕ್ಕೆ ಕಳಚುವ ಮೂರು ಉಂಗುರಗಳ ವ್ಯವಸ್ಥೆಯನ್ನು ಅಮೆರಿಕದ ಬಿಲ್ ಬೂತ್ 1970ರ ದಶಕದಲ್ಲಿ ರೂಪಿಸಿದ. ಹಾಗೆ ಕಳಚಿದ ಕೂಡಲೇ ರಿಸರ್ವನ್ನು ತಾನಾಗಿ ಎಳೆದು ತೆಗೆಯುವ ಪಟ್ಟಿ ಇನ್ನೊಂದು. ಇವೆರಡಕ್ಕಿಂತ ಮುಖ್ಯವಾದದ್ದು 1991ರಲ್ಲಿ ಜರ್ಮನಿಯಿಂದ ಬಂದ ಸೈಪ್ರೆಸ್ ಎಂಬ ಪುಟ್ಟ ಎಲೆಕ್ಟ್ರಾನಿಕ್ ಉಪಕರಣ. ಗಾಳಿಯ ಒತ್ತಡವನ್ನು ಅಳೆಯುತ್ತ ಎತ್ತರವನ್ನೂ ವೇಗವನ್ನೂ ಲೆಕ್ಕಹಾಕಿ, ನೆಲಕ್ಕೆ ಸುಮಾರು 225 ಮೀಟರ್ ಉಳಿದಿದ್ದಾಗಲೂ ಮನುಷ್ಯ ಬೀಳುವ ವೇಗದಲ್ಲೇ ಇದ್ದರೆ ಅದು ರಿಸರ್ವಿನ ಕಟ್ಟನ್ನು ತಾನೇ ಕತ್ತರಿಸುತ್ತದೆ. ಆ ವೇಗದಲ್ಲಿ 225 ಮೀಟರ್ ಎಂದರೆ ನಾಲ್ಕು ಸೆಕೆಂಡು. ಜಿಗಿದವನು ಪ್ರಜ್ಞೆ ತಪ್ಪಿದ್ದರೂ, ಹೆದರಿ ಕೈಕಾಲು ಆಡದಿದ್ದರೂ ಅವನನ್ನು ಉಳಿಸುವ ಕೊನೆಯ ಏರ್ಪಾಡು ಅದು. ಬೋಧಕನೊಂದಿಗೆ ಇಬ್ಬರ ಭಾರವಿರುವ ಜಿಗಿತದಲ್ಲಿ ಇದೇ ಉಪಕರಣ ಇನ್ನೂ ಮೇಲೆ, 580 ಮೀಟರಿನಲ್ಲೇ ಕೆಲಸ ಮಾಡುವಂತೆ ಹೊಂದಿಸಿರುತ್ತದೆ.

ಇವುಗಳಿಂದ ಏನಾಯಿತೆಂಬುದಕ್ಕೆ ಅಮೆರಿಕದ ಪ್ಯಾರಾಚೂಟ್ ಸಂಘ ಇಟ್ಟುಕೊಂಡು ಬಂದಿರುವ ಲೆಕ್ಕ ಸಾಕ್ಷಿ. 1970ರ ದಶಕದಲ್ಲಿ ಆ ದೇಶದಲ್ಲಿ ವರ್ಷಕ್ಕೆ ಸರಾಸರಿ 42ಕ್ಕೂ ಹೆಚ್ಚು ಮಂದಿ ಈ ಆಟದಲ್ಲಿ ಸಾಯುತ್ತಿದ್ದರು. 2023ರಲ್ಲಿ ಸುಮಾರು 36.5 ಲಕ್ಷ ಜಿಗಿತಗಳಿಗೆ ಸತ್ತವರು 10 ಮಂದಿ. ಈ ಲೆಕ್ಕದಲ್ಲಿ ನಮ್ಮ ವಾದಕ್ಕೆ ಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು, ಸ್ಕೈಡೈವಿಂಗ್‌ನಲ್ಲಿ ಸಾವು ಹಣೆಬರಹವಲ್ಲ. ಸರಿಯಾದ ಸಲಕರಣೆ, ಶಿಸ್ತಿನ ತಪಾಸಣೆ, ತರಬೇತಿ ಇರುವಲ್ಲಿ ಅದು ಅಪರೂಪ. ಹಾಗಿರುವಾಗ ಸಾವು ಸಂಭವಿಸಿದರೆ ‘ಅಪಾಯದ ಆಟ, ಏನು ಮಾಡಲಾದೀತು’ ಎಂದು ಕೈಚೆಲ್ಲುವಂತಿಲ್ಲ, ಯಾವ ಕೊಂಡಿ ಕಳಚಿತೆಂದು ಹುಡುಕಲೇಬೇಕು. ಎರಡನೆಯದು ಕೇಳುವವರಿಗೆ ಅಚ್ಚರಿ ತರಬಹುದು. ಈಗ ಸಾಯುವವರಲ್ಲಿ ಗಣನೀಯ ಪಾಲು ಪ್ಯಾರಾಚೂಟ್ ಚೆನ್ನಾಗಿ ಬಿಚ್ಚಿಕೊಂಡ ಮೇಲೆ, ಇಳಿಯುವ ಹೊತ್ತಿನಲ್ಲಿ ಸತ್ತವರು. ಅವರಲ್ಲಿ ಹಲವರು ಪಳಗಿದ ಕೈಗಳು. ಅನೇಕ ಸಲ ಕಾರಣ ಅವರು ಆರಿಸಿಕೊಂಡ ಪ್ಯಾರಾಚೂಟಿನ ಗಾತ್ರ. 75 ಕಿಲೋ ತೂಕದವನು 12 ಕಿಲೋ ಸಾಮಾನು ಹೊತ್ತರೆ ಒಟ್ಟು ಸುಮಾರು 192 ಪೌಂಡ್. ಅವನು 190 ಚದರ ಅಡಿಯ ಪ್ಯಾರಾಚೂಟ್ ಕಟ್ಟಿಕೊಂಡರೆ ಚದರ ಅಡಿಗೆ ಒಂದು ಪೌಂಡ್ ಭಾರ ಬೀಳುತ್ತದೆ, ಇಳಿತ ಸೌಮ್ಯವಾಗಿರುತ್ತದೆ. ಅವನೇ 120 ಚದರ ಅಡಿಯದ್ದನ್ನು ಕಟ್ಟಿಕೊಂಡರೆ ಭಾರ 1.6 ಪೌಂಡಿಗೆ ಏರುತ್ತದೆ. ಆಗ ಪ್ಯಾರಾಚೂಟ್ ವೇಗವಾಗಿ ಸಾಗುತ್ತದೆ, ತಿರುಗಿಸಿದರೆ ಮೂಗು ಕೆಳಗೆ ಮಾಡಿ ಧುಮುಕುತ್ತದೆ, ನೆಲದ ಹತ್ತಿರ ಮಾಡಿದ ಒಂದು ತಪ್ಪು ತಿರುವಿಗೆ ಕ್ಷಮೆ ಇರುವುದಿಲ್ಲ.

ಇಲ್ಲೇ ಹೊಣೆ ಕವಲೊಡೆಯುತ್ತದೆ. ನೂರಾರು ಜಿಗಿತ ಮುಗಿಸಿ, ಲೈಸೆನ್ಸ್ ಪಡೆದು, ತನ್ನ ದುಡ್ಡಿನಲ್ಲಿ ಸಣ್ಣ ಪ್ಯಾರಾಚೂಟ್ ಕೊಂಡು, ವೇಗದ ಆಸೆಗೆ ತಗ್ಗಿನಲ್ಲಿ ತಿರುಗಿಸಿದವನು ತನ್ನ ಆಯ್ಕೆಯ ಫಲವನ್ನು ತಾನೇ ಉಣ್ಣುತ್ತಾನೆ. ಅವನ ಮನೆಯವರ ದುಃಖ ದೊಡ್ಡದು, ಆದರೆ ಬೇರೆಯವರ ಮೇಲೆ ದಾವೆ ಹೂಡಲು ಅಲ್ಲಿ ಆಧಾರವಿಲ್ಲ. ಬೋಧಕನ ಎದೆಗೆ ಕಟ್ಟಿಸಿಕೊಂಡು ಮೊದಲ ಸಲ ಜಿಗಿಯುವವನ ಸ್ಥಿತಿ ಇದಕ್ಕೆ ಪೂರ್ತಿ ವಿರುದ್ಧ. ಹಾರ್ನೆಸ್ ಅವನದಲ್ಲ, ಅದನ್ನು ಬಿಗಿದವನೂ ಅವನಲ್ಲ. ಪ್ಯಾರಾಚೂಟ್ ಎಷ್ಟು ಹಳೆಯದು, ಹಗ್ಗಗಳು ಸವೆದಿವೆಯೇ, ರಿಸರ್ವನ್ನು ಕೊನೆಯ ಸಲ ತೆರೆದು ಮಡಚಿದ್ದು ಯಾವಾಗ, ಒಂದೂ ಅವನಿಗೆ ಗೊತ್ತಿಲ್ಲ, ಕೇಳಿದರೂ ಬಂದ ಉತ್ತರ ಸರಿಯೇ ಎಂದು ಪರೀಕ್ಷಿಸುವ ಶಕ್ತಿ ಇಲ್ಲ. ಅವನು ತೀರ್ಮಾನಿಸಿದ್ದು ಒಂದೇ: ಜಿಗಿಯುತ್ತೇನೆ ಎಂದು. ಉಳಿದ ಪ್ರತಿಯೊಂದನ್ನೂ ತೀರ್ಮಾನಿಸಿದವರು ಹಣ ಪಡೆದವರು. 2016ರಲ್ಲಿ ಕ್ಯಾಲಿಫೋರ್ನಿಯಾದ ಲೋಡೈಯಲ್ಲಿ 18 ವರ್ಷದ ಯುವಕನೊಬ್ಬ ತನ್ನನ್ನು ಕಟ್ಟಿಕೊಂಡಿದ್ದ ಬೋಧಕನೊಂದಿಗೇ ಬಿದ್ದು ಸತ್ತ. ಗ್ರಾಹಕರನ್ನು ಕಟ್ಟಿಕೊಂಡು ಜಿಗಿಯಲು ಬೇಕಾದ ಪ್ರಮಾಣೀಕರಣವೇ ಆ ಬೋಧಕನಿಗೆ ಇರಲಿಲ್ಲವೆಂಬುದು ಆಮೇಲೆ ಹೊರಬಂತು. ಅದನ್ನು ಪತ್ತೆ ಮಾಡುವ ದಾರಿ ಆ ಹುಡುಗನಿಗೆ ಎಲ್ಲಿತ್ತು?

ನಮ್ಮ ಜಿಲ್ಲೆಯ ನೆಲಕ್ಕೇ ಸಲ್ಲುವ ಇನ್ನೊಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೇಲೆ ಹೇಳಿದ ಸ್ವಯಂಚಾಲಿತ ಉಪಕರಣ ತನ್ನನ್ನು ಚಾಲೂ ಮಾಡಿದ ಜಾಗವನ್ನೇ ಸೊನ್ನೆ ಎತ್ತರ ಎಂದು ನೆನಪಿಟ್ಟುಕೊಳ್ಳುತ್ತದೆ. ಮಂಗಳೂರಿನ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರದಲ್ಲಿದೆ, ಹಾಸನದ ಬಯಲು ಸುಮಾರು 950 ಮೀಟರಿನಲ್ಲಿ. ಮಂಗಳೂರಿನಲ್ಲಿ ಚಾಲೂ ಮಾಡಿ, ವಿಮಾನ ಹತ್ತಿ, ಹಾಸನದ ಮೇಲೆ ಜಿಗಿದರೆ ಆ ಉಪಕರಣದ ಲೆಕ್ಕದಲ್ಲಿ ಹಾಸನದ ನೆಲವೇ 850 ಮೀಟರ್ ಎತ್ತರದ ಆಕಾಶ. ಅದು ಕಾಯುವ 225 ಮೀಟರಿನ ಗಡಿ ಎಂದೂ ಬರುವುದಿಲ್ಲ. ಮನುಷ್ಯ ನೆಲಕ್ಕಪ್ಪಳಿಸಿದರೂ ಅದು ಸುಮ್ಮನಿರುತ್ತದೆ, ತನ್ನ ಲೆಕ್ಕದ ಪ್ರಕಾರ ಅದು ಸರಿಯಾಗಿಯೇ ಇರುತ್ತದೆ. ಇಳಿಯುವ ಜಾಗದ ಎತ್ತರದ ವ್ಯತ್ಯಾಸವನ್ನು ತುಂಬಿಸಲು ಆ ಉಪಕರಣದಲ್ಲೇ ಅನುಕೂಲವಿದೆ. ಅದನ್ನು ತುಂಬಿಸಬೇಕಾದದ್ದು ನೆಲದ ಮೇಲೆ, ಹಾರುವ ಮುನ್ನ, ಒಬ್ಬ ಸಿಬ್ಬಂದಿಯ ಬೆರಳು. ದುಬಾರಿ ಉಪಕರಣ ಇದೆ ಎಂಬುದಷ್ಟೇ ಸುರಕ್ಷತೆಯಲ್ಲ. ಅದನ್ನು ಈ ಊರಿಗೆ, ಈ ಎತ್ತರಕ್ಕೆ ಹೊಂದಿಸಿದ್ದಾರೆಯೇ ಎಂಬ ಪ್ರಶ್ನೆ ಬೇರೆ, ಆ ಪ್ರಶ್ನೆಗೆ ಉತ್ತರಿಸಬೇಕಾದವರು ಗ್ರಾಹಕರಲ್ಲ. ಕರಾವಳಿಗೆ ಬರೆದ ನಿಯಮವನ್ನು ಮಲೆನಾಡಿನ ಅಂಚಿಗೆ ಹಾಗೆಯೇ ತಂದು ಹಚ್ಚುವಂತಿಲ್ಲ.

ಮಡಚುವ ಕೆಲಸಕ್ಕೆ ಬರುತ್ತೇನೆ. ರಿಸರ್ವ್ ಪ್ಯಾರಾಚೂಟನ್ನು ಯಾರೆಂದರೆ ಅವರು ಮಡಚುವಂತಿಲ್ಲ. ಅದಕ್ಕೆಂದೇ ಪರೀಕ್ಷೆ ಕೊಟ್ಟು ಪ್ರಮಾಣಪತ್ರ ಪಡೆದ ರಿಗ್ಗರ್ ಇರುತ್ತಾನೆ. ಅಮೆರಿಕದ ನಿಯಮದಂತೆ 180 ದಿನಕ್ಕೊಮ್ಮೆ ಅದನ್ನು ಬಿಚ್ಚಿ, ಪರೀಕ್ಷಿಸಿ, ಮತ್ತೆ ಮಡಚಿ, ಮೊಹರು ಹಾಕಿ, ಚೀಲದೊಳಗಿನ ಕಾರ್ಡಿನಲ್ಲಿ ದಿನಾಂಕದೊಡನೆ ತನ್ನ ಸಹಿ ಬರೆಯಬೇಕು. ಈ ಸಹಿ ಗ್ರಾಹಕನ ಮುಚ್ಚಳಿಕೆಯ ಸಹಿಗಿಂತ ಬೆಲೆಯುಳ್ಳದ್ದು, ಏಕೆಂದರೆ ಇದು ಕೆಲಸ ಮಾಡಿದವನ ಸಹಿ. ದೊಡ್ಡಗದ್ದವಳ್ಳಿಗೆ ಇದು ಹೊಸ ವಿಚಾರವಲ್ಲ. ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ, 12ನೇ ಶತಮಾನದ ಆರಂಭದಲ್ಲಿ, ಇಲ್ಲಿನ ನಾಲ್ಕು ಗರ್ಭಗುಡಿಗಳ ಲಕ್ಷ್ಮೀದೇವಿ ಗುಡಿಯನ್ನು ಕಟ್ಟಿಸಿದವರು ವರ್ತಕ ಕಲ್ಹಣ ರಾಹುತ ಮತ್ತು ಅವನ ಹೆಂಡತಿ ಸಹಜಾದೇವಿ. ಹಣ ಕೊಟ್ಟವರ ಹೆಸರಿನ ಜೊತೆಗೆ ಕಟ್ಟಿದ ಶಿಲ್ಪಿ ಮಲ್ಲೋಜ ಮಾಣಿಯೋಜನ ಹೆಸರೂ ನಮಗೆ ಉಳಿದು ಬಂದಿದೆ. ಹೊಯ್ಸಳರ ಕಾಲದ ಶಿಲ್ಪಿಗಳು ತಾವು ಕೆತ್ತಿದ್ದರ ಕೆಳಗೆ ಹೆಸರು ಕೆತ್ತುತ್ತಿದ್ದರು. ಹೊಗಳಿಕೆ ಬಂದರೂ ತೆಗಳಿಕೆ ಬಂದರೂ ಅದು ಸೇರಬೇಕಾದ ವಿಳಾಸ ಅಲ್ಲಿರುತ್ತಿತ್ತು. ರಿಗ್ಗರ್‌ನ ಕಾರ್ಡ್ ಮಾಡುವುದೂ ಅದನ್ನೇ. ನಮ್ಮಲ್ಲಿ ಜಿಗಿತ ನಡೆಸುವವರಿಂದ ಮೊದಲು ಕೇಳಬೇಕಾದದ್ದು ಈ ಕಾರ್ಡನ್ನು, ಗ್ರಾಹಕನ ಮುಚ್ಚಳಿಕೆಯನ್ನಲ್ಲ.

ಇನ್ನು ಕಾನೂನು. ‘ಒಪ್ಪಿಗೆ ಕೊಟ್ಟವನಿಗೆ ಅನ್ಯಾಯವಿಲ್ಲ’ ಎಂಬ ತತ್ವ ಹಳೆಯದು, ಅದಕ್ಕೆ ನಮ್ಮ ದಂಡಸಂಹಿತೆಯಲ್ಲೂ ಜಾಗವಿದೆ. 1860ರ ಸಂಹಿತೆಯ 87ನೇ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಮು, ಸಾವನ್ನಾಗಲಿ ತೀವ್ರ ಗಾಯವನ್ನಾಗಲಿ ಉದ್ದೇಶಿಸದ ಕೆಲಸದಲ್ಲಿ 18 ದಾಟಿದವನು ಒಪ್ಪಿ ಒಡ್ಡಿಕೊಂಡ ಹಾನಿಯನ್ನು ಅಪರಾಧವೆನ್ನುವುದಿಲ್ಲ. ಅದಕ್ಕೆ ಕೊಟ್ಟಿರುವ ದೃಷ್ಟಾಂತ ಕತ್ತಿವರಸೆಯ ಆಟದ್ದು. ಇಬ್ಬರು ಮನರಂಜನೆಗಾಗಿ ಕತ್ತಿವರಸೆ ಆಡಲು ಒಪ್ಪಿದರೆ, ಮೋಸವಿಲ್ಲದೆ ಆಡುವಾಗ ಆಗಬಹುದಾದ ಹಾನಿಗೆ ಒಬ್ಬೊಬ್ಬರೂ ಒಪ್ಪಿದ್ದಾರೆ ಎಂದರ್ಥ. ಒಪ್ಪಿಗೆಯ ಗಡಿ ಆ ‘ಮೋಸವಿಲ್ಲದೆ’ ಎಂಬಲ್ಲೇ ಇದೆ. ಸರಿಯಾಗಿ ಆಡಿದ ಆಟದ ಅಪಾಯಕ್ಕೆ ಮಾತ್ರ ಒಪ್ಪಿಗೆ. ಅವಧಿ ಮೀರಿದ ರಿಸರ್ವನ್ನು ಬೆನ್ನಿಗೆ ಕಟ್ಟಿ ಕಳಿಸುವುದು ಆಟದ ಅಪಾಯವಲ್ಲ. ಬೇರೆ ದೇಶಗಳು ಈ ಗಡಿಯನ್ನು ಬೇರೆ ಬೇರೆ ಕಡೆ ಎಳೆದಿವೆ. 1985ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ, ಮೊದಲ ಜಿಗಿತದಲ್ಲೇ ವಿದ್ಯುತ್ ತಂತಿಗೆ ಬಡಿದು ಗಾಯಗೊಂಡವನ ದಾವೆಯನ್ನು ಅವನ ಸಹಿಯ ಆಧಾರದ ಮೇಲೆ ತಳ್ಳಿಹಾಕಿತು. ಬ್ರಿಟನ್ನಿನ 1977ರ ಅನ್ಯಾಯದ ಕರಾರು ಷರತ್ತುಗಳ ಕಾಯ್ದೆ ಮಾತ್ರ, ನಿರ್ಲಕ್ಷ್ಯದಿಂದಾದ ಸಾವು ಮತ್ತು ಗಾಯದ ಹೊಣೆಯಿಂದ ವ್ಯಾಪಾರಿ ಯಾವ ಕಾಗದದಿಂದಲೂ ನುಣುಚಿಕೊಳ್ಳುವಂತಿಲ್ಲ ಎಂದು ಸಾರಿತು. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಈ ಎರಡನೆಯ ದಾರಿಯ ಕಡೆಗೆ ವಾಲಿದೆ. ಗ್ರಾಹಕನ ಮೇಲೆ ವಿವೇಚನೆಯಿಲ್ಲದ ಷರತ್ತು ಹೇರುವ ಕರಾರನ್ನು ಅದು ಅನ್ಯಾಯದ ಕರಾರು ಎಂದು ಕರೆದು, ಅಂಥ ಷರತ್ತನ್ನು ಅನೂರ್ಜಿತವೆಂದು ಘೋಷಿಸುವ ಅಧಿಕಾರವನ್ನು ರಾಜ್ಯ ಗ್ರಾಹಕ ಆಯೋಗಕ್ಕೆ ಕೊಟ್ಟಿದೆ. ಅಲ್ಲದೆ ಆ ಮುಚ್ಚಳಿಕೆ ಇರುವುದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ, ಸರದಿಯಲ್ಲಿ ನಿಂತಾಗ ಕೈಗೆ ಕೊಡುವ ಹಾಳೆಯಾಗಿ. ಕನ್ನಡದಲ್ಲಿ ಓದಿ ತಿಳಿಯಲು ಕೊಡದ ಕಾಗದದ ಮೇಲಿನ ಸಹಿಯನ್ನು ತಿಳಿದು ಕೊಟ್ಟ ಒಪ್ಪಿಗೆ ಎನ್ನುವುದು ಕಷ್ಟ.

ಹೊಣೆ ಯಾರದೆಂದು ಹೇಳಿದರೆ ಸಾಲದು, ಅದನ್ನು ಸಾಬೀತು ಮಾಡಬೇಕು. ನಮ್ಮ ದೊಡ್ಡ ಕೊರತೆ ಇರುವುದು ಇಲ್ಲಿ. 2014ರ ಮೇ ತಿಂಗಳಲ್ಲಿ ಬೆಂಗಳೂರಿನಿಂದ ಹೋಗಿದ್ದ ಯುವತಿಯೊಬ್ಬಳು ತಮಿಳುನಾಡಿನ ಸೇಲಂನಲ್ಲಿ ಜಿಗಿದಾಗ ಪ್ಯಾರಾಚೂಟ್ ತೆರೆದುಕೊಳ್ಳದೆ ಸತ್ತಳು. ಪೊಲೀಸರು ತರಬೇತಿ ನಡೆಸುತ್ತಿದ್ದವರ ಮೇಲೆ ಪ್ರಕರಣ ದಾಖಲಿಸಿದರು. ಇಂಥ ಕಡೆ ಮೊದಲು ಬರುವವರು ಹತ್ತಿರದ ಠಾಣೆಯ ಪೊಲೀಸರು. ಅವರು ಮಹಜರು ಬರೆದು ಪ್ಯಾರಾಚೂಟನ್ನು ಸುತ್ತಿ ಚೀಲಕ್ಕೆ ತುಂಬುತ್ತಾರೆ. ಅವರ ತಪ್ಪಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಆದರೆ ಆ ಸುತ್ತುವಿಕೆಯಲ್ಲೇ ಸಾಕ್ಷ್ಯ ಅಳಿಯುತ್ತದೆ. ಯಾವ ಹಗ್ಗ ಯಾವುದರ ಮೇಲೆ ಹಾದಿತ್ತು, ಕಳಚುವ ಹಿಡಿಯನ್ನು ಎಳೆಯಲಾಗಿತ್ತೇ ಇಲ್ಲವೇ, ರಿಸರ್ವಿನ ಮೊಹರು ಒಡೆದಿತ್ತೇ, ಸ್ವಯಂಚಾಲಿತ ಉಪಕರಣ ಚಾಲೂ ಇತ್ತೇ, ಕಾರ್ಡಿನಲ್ಲಿ ಕೊನೆಯ ದಿನಾಂಕ ಯಾವುದು, ಈ ಐದಾರು ಸಂಗತಿ ಸಾವಿನ ಕಾರಣವನ್ನು ಹೆಚ್ಚುಕಡಿಮೆ ಹೇಳಿಬಿಡುತ್ತವೆ. 2025ರ ಫೆಬ್ರವರಿಯಲ್ಲಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನವರಾದ ವಾಯುಪಡೆಯ ವಾರಂಟ್ ಆಫೀಸರ್ ಒಬ್ಬರು ಆಗ್ರಾದಲ್ಲಿ ತರಬೇತಿಯ ಜಿಗಿತದಲ್ಲಿ ಪ್ಯಾರಾಚೂಟ್ ತೆರೆಯದೆ ಪ್ರಾಣ ಬಿಟ್ಟರು. ಅವರು ಇತರರಿಗೆ ಜಿಗಿಯಲು ಕಲಿಸುತ್ತಿದ್ದವರು. ನುರಿತವರಿಗೂ, ಶಿಸ್ತಿನ ಸಂಸ್ಥೆಯಲ್ಲೂ ಅಪಘಾತವಾಗುತ್ತದೆ, ಹಾಗಾಗಿ ಸಾವು ಎಂದ ಕೂಡಲೇ ನಿರ್ಲಕ್ಷ್ಯ ಎನ್ನಲಾಗದು. ಆದರೆ ಸೇನೆಯಲ್ಲಿ ಸಲಕರಣೆ ಬಲ್ಲವರೇ ಕೂತು ವಿಚಾರಣೆ ಮಾಡುವ ಪದ್ಧತಿಯಿದೆ. ಹಣ ಕೊಟ್ಟು ಜಿಗಿಯುವ ನಾಗರಿಕನಿಗೂ ಅಂಥ ವಿಚಾರಣೆ ಬೇಕು. ಅದು ನಡೆಯುವ ತನಕ ನ್ಯಾಯಾಲಯಗಳ ಕೈಯಲ್ಲಿರುವ ಒಳ್ಳೆಯ ಆಸರೆ ಭಾರತೀಯ ಸಾಕ್ಷ್ಯ ಅಧಿನಿಯಮದ 109ನೇ ಕಲಮು. ಒಬ್ಬರಿಗೆ ವಿಶೇಷವಾಗಿ ತಿಳಿದಿರುವ ಸಂಗತಿಯನ್ನು ಸಾಬೀತು ಮಾಡುವ ಭಾರ ಅವರ ಮೇಲೆಯೇ ಎಂದು ಅದು ಹೇಳುತ್ತದೆ. ಪ್ಯಾರಾಚೂಟ್ ಮಡಚಿದ ಕೋಣೆಯಲ್ಲಿ ಏನಾಯಿತೆಂಬುದು ಸತ್ತವನ ತಾಯಿಗೆ ತಿಳಿಯುವ ವಿಷಯವಲ್ಲ.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಉದ್ಯಮದವರದು. ಇಷ್ಟೆಲ್ಲ ಹೊಣೆ ಹೊರಿಸಿದರೆ ಯಾರೂ ಈ ಕೆಲಸಕ್ಕೆ ಬರುವುದಿಲ್ಲ, ಬಂದವರೂ ಜೈಲಿಗೆ ಹೆದರಿ ಮುಚ್ಚಿಕೊಂಡು ಹೋಗುತ್ತಾರೆ, ಆಗ ಅನುಮತಿಯಿಲ್ಲದವರು ಕದ್ದು ನಡೆಸುತ್ತಾರೆ ಎನ್ನುತ್ತಾರೆ ಅವರು. ಇದರಲ್ಲಿ ಸತ್ಯವಿದೆ. ನಿರ್ಲಕ್ಷ್ಯದ ಸಾವಿಗೆ ಹಳೆಯ 304ಎ ಕಲಮಿನಲ್ಲಿ ಎರಡು ವರ್ಷದವರೆಗಿದ್ದ ಶಿಕ್ಷೆ ಈಗ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಐದು ವರ್ಷದವರೆಗೆ ಏರಿದೆ. ಅದಕ್ಕೇ ನಾನು ಜೈಲನ್ನೂ ಪರಿಹಾರವನ್ನೂ ಬೇರೆ ಮಾಡಿ ನೋಡುತ್ತೇನೆ. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ವೈದ್ಯರ ವಿಷಯದಲ್ಲಿ ಹೇಳಿದ ತತ್ವ ಇಲ್ಲಿಗೂ ಹೊಂದುತ್ತದೆ: ಕ್ರಿಮಿನಲ್ ಶಿಕ್ಷೆಗೆ ಘೋರವಾದ ನಿರ್ಲಕ್ಷ್ಯ ಬೇಕು, ಪರಿಹಾರಕ್ಕೆ ಸಾಮಾನ್ಯ ನಿರ್ಲಕ್ಷ್ಯ ಸಾಕು. ಜೈಲಿನ ಬಾಗಿಲು ಕಿರಿದಾಗಿರಲಿ, ಪರಿಹಾರದ ಬಾಗಿಲು ಅಗಲವಾಗಿರಲಿ. ಪರಿಹಾರದ ಭಾರ ಒಬ್ಬ ಆಯೋಜಕನನ್ನು ಮುಳುಗಿಸದಿರಲು ವಿಮೆ ಇದೆ. ಗ್ರಾಹಕನ ಸ್ವಂತ ಅಪಘಾತ ವಿಮೆಯಲ್ಲಿ ಸಾಹಸ ಕ್ರೀಡೆಗಳನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ, ಆದ್ದರಿಂದ ಆಯೋಜಕನೇ ಪ್ರತಿ ಜಿಗಿತಕ್ಕೂ ವಿಮೆ ಮಾಡಿಸಬೇಕು, ಅದರ ವೆಚ್ಚ ಟಿಕೆಟ್ಟಿನಲ್ಲಿ ಸೇರಲಿ. ಇನ್ನೊಂದು ಆಕ್ಷೇಪ ಆಟಗಾರರದೇ: ಸಲಕರಣೆ ಸುರಕ್ಷಿತವಾದಷ್ಟೂ ಜನ ಹೆಚ್ಚು ಅಪಾಯ ಮೈಮೇಲೆ ಎಳೆದುಕೊಳ್ಳುತ್ತಾರೆ ಎಂಬುದು. ಮೂರು ಉಂಗುರಗಳನ್ನು ರೂಪಿಸಿದ ಬೂತ್ ಕೂಡ ಇದೇ ಅರ್ಥದ ಮಾತು ಹೇಳಿದ್ದಾನೆ, ಸಣ್ಣ ಪ್ಯಾರಾಚೂಟುಗಳ ಕತೆ ಅದಕ್ಕೆ ಪುರಾವೆ. ಆದರೆ ಇದು ತನ್ನ ಸಲಕರಣೆಯನ್ನು ತಾನೇ ಆರಿಸುವವನಿಗೆ ಸಲ್ಲುವ ಮಾತು. ಮೊದಲ ಸಲ ಬಂದವನು ಯಾವ ಅಪಾಯವನ್ನೂ ಹೆಚ್ಚು ಮಾಡಿಕೊಳ್ಳಲಾರ, ಅವನ ಕೈಯಲ್ಲಿ ಯಾವ ತೀರ್ಮಾನವೂ ಇರುವುದಿಲ್ಲ.

ಆಳುವವರ ಪಾಲೂ ಇದರಲ್ಲಿದೆ. ಪ್ಯಾರಾಚೂಟ್ ಇಳಿತಕ್ಕೆ ಪೂರ್ವಾನುಮತಿ ಬೇಕೆಂಬ ಕಟ್ಟಳೆ 1937ರ ವಿಮಾನ ನಿಯಮಗಳ ಕಾಲದ್ದು. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ರಾಷ್ಟ್ರೀಯ ವಾಯುಕ್ರೀಡಾ ನೀತಿ ಸ್ಕೈಡೈವಿಂಗ್ ಸೇರಿದಂತೆ 11 ಕ್ರೀಡೆಗಳಿಗೆ ರಾಷ್ಟ್ರಮಟ್ಟದಿಂದ ಜಿಲ್ಲೆಯವರೆಗೆ ಸಂಘಗಳ ಏಣಿಯನ್ನು ಹಾಕಿ, ಸೇವೆ ನಡೆಸುವವರೂ ಮುಖ್ಯ ಸಲಕರಣೆಗಳೂ ನೋಂದಣಿಯಾಗಬೇಕೆಂದು ಹೇಳಿದೆ. ನೀತಿ ದೆಹಲಿಯದಾದರೂ ಮೈದಾನ ಕೊಡುವುದು ಜಿಲ್ಲಾಡಳಿತ. 2020ರ ಅಕ್ಟೋಬರಿನಲ್ಲಿ ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಪ್ರವಾಸಿಗರಿಗಾಗಿ ನಡೆಯುತ್ತಿದ್ದ ಪ್ಯಾರಾಮೋಟರ್ ಸಮುದ್ರಕ್ಕೆ ಬಿದ್ದು ನೌಕಾಪಡೆಯ ಅಧಿಕಾರಿಯೊಬ್ಬರು ಸತ್ತರು. ಹಾರಾಟದ ಅಪಘಾತ ನೀರಿನಲ್ಲಿ ಮುಗಿಯಬಹುದೆಂದು ಅದು ತೋರಿಸಿತು. ಹಾಸನದ ಸುತ್ತ ಕಡಲಿಲ್ಲದಿದ್ದರೂ ಗೊರೂರಿನ ಹೇಮಾವತಿ ಹಿನ್ನೀರಿದೆ, ಊರೂರಿಗೆ ಕೆರೆಯಿದೆ, ಚನ್ನರಾಯಪಟ್ಟಣದ ಕಡೆ ಸಾಲುಸಾಲು ತೆಂಗಿನ ತೋಟಗಳಿವೆ, ಪಂಪ್‌ಸೆಟ್ಟಿಗೆ ಎಳೆದ ವಿದ್ಯುತ್ ತಂತಿಗಳು ಹೊಲಗಳ ಮೇಲೆ ಹಾದುಹೋಗಿವೆ. ಇಲ್ಲಿ ಇಳಿಯುವ ಜಾಗ ಗೊತ್ತುಮಾಡುವವರು ನಕ್ಷೆ ನೋಡಿ ಮುಗಿಸದೆ ಹೊಲದ ಬದುವಿನ ಮೇಲೆ ನಡೆದು ನೋಡಬೇಕು, ನೀರು ಹತ್ತಿರವಿದ್ದರೆ ತೇಲುವ ಜಾಕೆಟ್ಟೂ ದೋಣಿಯೂ ಇರಬೇಕು. ಅನುಮತಿ ಪತ್ರದಲ್ಲಿ ಜಿಲ್ಲಾಡಳಿತ ಬರೆಯಬೇಕಾದ ಷರತ್ತುಗಳು ಹೆಚ್ಚಿಲ್ಲ: ಪ್ರತಿ ರಿಸರ್ವಿನ ರಿಗ್ಗರ್ ಕಾರ್ಡ್ ಪರಿಶೀಲನೆಗೆ ಸಿಗಬೇಕು, ಸ್ವಯಂಚಾಲಿತ ಉಪಕರಣವನ್ನು ಇಳಿಯುವ ಜಾಗದ ಎತ್ತರಕ್ಕೆ ಹೊಂದಿಸಿದ್ದನ್ನು ದಿನವೂ ದಾಖಲಿಸಬೇಕು, ಗಾಳಿಯ ಮಿತಿಯನ್ನು ಮೊದಲೇ ಬರೆದಿಟ್ಟು ಅದು ದಾಟಿದ ದಿನ ಹಾರಾಟ ನಿಲ್ಲಿಸಬೇಕು, ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ವಿಮೆಯ ಪ್ರತಿ ಜಿಲ್ಲಾಧಿಕಾರಿ ಕಚೇರಿಗೆ ತಲುಪಿರಬೇಕು. ಅಪಘಾತವಾದರೆ ಸಲಕರಣೆಯನ್ನು ಯಾರೂ ಮಡಚದೆ ಬಿದ್ದ ಸ್ಥಿತಿಯಲ್ಲೇ ಫೋಟೋ ತೆಗೆದು, ತಹಸೀಲ್ದಾರರ ಸಮ್ಮುಖದಲ್ಲಿ ಮೊಹರು ಮಾಡಿ, ಆಯೋಜಕರಿಗೆ ಸಂಬಂಧವಿಲ್ಲದ ರಿಗ್ಗರ್ ಒಬ್ಬರು ತೆರೆದು ನೋಡುವ ತನಕ ಹಾಗೆಯೇ ಇಡಬೇಕು.